ನೆಲಬೇವಿನ ಬೇರಿನ ಕೆಳಗೆ

ಕತ್ತರಿಸಿದ್ದು ನಾನೇ, ಸಾಬೇರಾ ಆಪಾ. ನಿಮ್ಮ ಮನೆಯ ನೆಲಬೇವಿನ ಚಿತ್ರದಲ್ಲಿ, ಬೇರಿನ ತುದಿಗೂ ಕಾಗದದ ಅಂಚಿಗೂ ನಡುವೆ ಒಂದು ಹೆಸರು ಬರೆದಿತ್ತು. ಅದನ್ನು ಬ್ಲೇಡಿನಿಂದ ಕೊಯ್ದು ತೆಗೆದವನು ನಾನು. ಆಮೇಲೆ ನೀವು ಅಂಗಡಿಗೆ ಬಂದು ಕೇಳಿದಾಗ ಅಲ್ಲಿ ಏನೂ ಇರಲಿಲ್ಲ ಎಂದವನೂ ನಾನೇ. ಮೊದಲನೆಯದನ್ನು ಅವಸರ ಅಂದುಕೊಳ್ಳಬಹುದೇನೋ — ಎರಡನೆಯದಕ್ಕೆ ನನ್ನ ಬಳಿ ಬೇರೆ ಮಾತಿಲ್ಲ. ಅದು ಸುಳ್ಳು.

ಇದನ್ನು ಎಷ್ಟು ಸಲ ಮನಸ್ಸಿನೊಳಗೆ ಹೇಳಿಕೊಂಡಿದ್ದೇನೋ ನನಗೇ ಗೊತ್ತಿಲ್ಲ. ರಾಯಚೂರಿನಿಂದ ಮಾನ್ವಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೆ ಸಾಕು, ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಹೇಳಿ ಮುಗಿಸುತ್ತೇನೆ. ನಿಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆ ಮಾತನ್ನೂ ಅಲ್ಲೇ ಬಿಡುತ್ತೇನೆ. ನೀವು "ಬಾ ತಿಪ್ಪಣ್ಣ, ಕೂಡು, ಚಾ ಇಡ್ತೀನಿ" ಅನ್ನುತ್ತೀರಿ. ನಾನು ಕೂಡುತ್ತೇನೆ. ಚಹಾ ಕುಡಿಯುತ್ತೇನೆ. ಬಿಸಿಲು ಈ ವರ್ಷ ಬಹಳ ಅನ್ನುತ್ತೇನೆ. ರಾಯಚೂರಿನಲ್ಲಿ ಯಾವ ವರ್ಷ ಬಿಸಿಲು ಕಡಿಮೆ ಇತ್ತು ಎಂದು ನೀವು ಒಮ್ಮೆಯೂ ಕೇಳಲಿಲ್ಲ.

ನಿಮ್ಮ ಮನೆಯ ಋಣ ನನ್ನ ಮೇಲೆ ಎಂಥದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ — ಅದರಿಂದ ತಪ್ಪು ಸಣ್ಣದಾಗುವುದಿಲ್ಲ, ದೊಡ್ಡದಾಗುತ್ತದೆ. ನಾನು ಮಲ್ಲಟದವನು. ಚಿಕ್ಕವನಿದ್ದಾಗ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿದ್ದವು. ಅವ್ವ ನನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಾನ್ವಿಗೆ, ನಿಮ್ಮ ಮನೆಯ ಪಡಸಾಲೆಯಲ್ಲೇ ಇದ್ದ ನಿಮ್ಮ ಅಬ್ಬಾನ ದವಾಖಾನೆಗೆ ತಂದಳು. ಅವಳು ಹತ್ತಿ ಬಿಡಿಸುವ ಕೂಲಿಯವಳು. ರೂಢಿಯಂತೆ ಬಾಗಿಲ ಹೊರಗೇ ನೆಲದ ಮೇಲೆ ಕೂತಳು. ಹಕೀಮ ಸಾಹೇಬರು ಎದ್ದು ಬಂದು, "ಒಳಗ ಬಾರವ್ವ, ಬೆಂಚ್ ಖಾಲಿ ಅದ" ಅಂದರಂತೆ. ಆ ಬೆಂಚಿನ ವಿಷಯವನ್ನು ಅವ್ವ ಸಾಯುವವರೆಗೂ ಹೇಳುತ್ತಿದ್ದಳು. ನನ್ನ ಜ್ವರ ಬಿಟ್ಟಿದ್ದಕ್ಕಿಂತ ಅವಳಿಗೆ ಅದೇ ದೊಡ್ಡದು.

ಬೆಂಚಿನ ಎದುರು ಗೋಡೆಯ ಮೇಲೆ ಆ ಚಿತ್ರ ಇತ್ತು. ಕಂದು ಬಣ್ಣಕ್ಕೆ ತಿರುಗಿದ ಹಳೆಯ ಕೈಕಾಗದ, ಅದರ ತುಂಬ ಒಂದೇ ಒಂದು ಗಿಡ. ಚೌಕನೆಯ ಕಾಂಡ, ಜೋಡಿ ಜೋಡಿ ಎಲೆ, ತುಟಿಯಲ್ಲಿ ನೇರಳೆ ಗೆರೆ ಇರುವ ಪುಟ್ಟ ಬಿಳಿ ಹೂ, ಪಕ್ಕದಲ್ಲಿ ಸೀಳಿ ತೋರಿಸಿದ ಒಣ ಕಾಯಿ, ಕೆಳಗೆ ಮಣ್ಣು ತೊಳೆದ ಬೇರು. ನಮ್ಮ ಕಡೆ ಅದಕ್ಕೆ ನೆಲಬೇವು, ನಿಮ್ಮ ಮನೆಯಲ್ಲಿ ಚಿರಾಯತಾ. ಜ್ವರಕ್ಕೆ ಅದರ ಕಷಾಯ ಕೊಡುತ್ತಿದ್ದರು. ಅದನ್ನು ಕುಡಿದವರಿಗೆ ಕಹಿ ಎಂದರೇನು ಎಂದು ಹೇಳಬೇಕಾಗಿಲ್ಲ; ಕುಡಿಯದವರಿಗೆ ಹೇಳಿದರೂ ತಿಳಿಯುವುದಿಲ್ಲ.

ಮಕ್ಕಳಿಗೆ ಆ ಕಷಾಯ ಕುಡಿಸುವುದಕ್ಕೆ ಹಕೀಮ ಸಾಹೇಬರದು ಒಂದು ಪದ್ಧತಿ ಇತ್ತು. ಮೂಗು ಹಿಡಿಯುವುದಿಲ್ಲ, ಗದರುವುದಿಲ್ಲ. ನನ್ನನ್ನು ಚಿತ್ರದ ಕಡೆ ಮುಖ ಮಾಡಿ ಕೂಡಿಸಿದರು. "ಗಿಡ ನೋಡು ಬೇಟಾ. ಅದರಾಗ ಒಂದು ಇರುವಿ ಅಡಗಿ ಕುಂತದ. ಅದು ಸಿಗೂ ತನಕ ಬಾಯಿ ಮುಚ್ಚಬ್ಯಾಡ."

ನಾನು ಹುಡುಕಿದೆ. ಹೂವಿನಲ್ಲಿ ಹುಡುಕಿದೆ, ಕಾಯಿಯಲ್ಲಿ ಹುಡುಕಿದೆ. ಕೊನೆಗೆ ಎಡಗಡೆ ಒಂದು ಮಡಚಿದ ಎಲೆಯ ಹಿಂಬದಿಯಲ್ಲಿ ಕಾಣಿಸಿತು — ನರದ ಗುಂಟ ಮೇಲಕ್ಕೆ ಹತ್ತುತ್ತಿದ್ದ ಒಂದು ಕೆಂಪಿರುವೆ. ಅದು ಸಿಗುವಷ್ಟರಲ್ಲಿ ಕಷಾಯ ಹೊಟ್ಟೆಯೊಳಗಿತ್ತು. ಮಾನ್ವಿ ಸುತ್ತಲಿನ ಎಷ್ಟೋ ಹಳ್ಳಿಗಳ ಮಕ್ಕಳು ಆ ಇರುವೆಯನ್ನು ಹುಡುಕಿಯೇ ಜ್ವರ ಬಿಡಿಸಿಕೊಂಡವರು. ನಾನು ಅವರಲ್ಲಿ ಒಬ್ಬ.

ಆ ಚಿತ್ರ ಬರೆದವರು ತಮ್ಮ ದಾದಿ, ಅಂದರೆ ಅಪ್ಪನ ತಾಯಿ, ಎಂದು ಹಕೀಮ ಸಾಹೇಬರು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿದವರು ಹೌದಾ ಅನ್ನುತ್ತಿದ್ದರು, ನಂಬುತ್ತಿರಲಿಲ್ಲ. ಪರದೆಯೊಳಗಿನ ಹೆಣ್ಣುಮಗಳು, ಆ ಕಾಲದಲ್ಲಿ, ಇಂಥ ಚಿತ್ರ? ನೀವು ಮಾತ್ರ ಜಗಳಕ್ಕೇ ನಿಲ್ಲುತ್ತಿದ್ದಿರಿ. ಶಾಲೆಯ ಟೀಚರು ನೀವು, ಬಿಡುತ್ತೀರಾ? "ಗಂಡಸು ಬರದದ್ದಾಗಿದ್ರ ಇರುವಿ ಯಾಕ ಬರೀತಿದ್ದ? ಜ್ವರದ ಕೂಸನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕುಂತಾಕಿಗೆ ಹೊಳಿಯೂ ಮಾತದು" — ಈ ಮಾತನ್ನು ನನ್ನೆದುರಿಗೇ ಎಷ್ಟು ಜನಕ್ಕೆ ಹೇಳಿದ್ದೀರಿ. ಆದರೆ ಆ ಅಜ್ಜಿಯ ಹೆಸರು ನಿಮಗೂ ಗೊತ್ತಿರಲಿಲ್ಲ. ಮಕ್ಕಳು ಅಮ್ಮಿ ಅಂದರು, ಮೊಮ್ಮಕ್ಕಳು ದಾದಿಮಾ ಅಂದರು, ಊರವರು ಹಕೀಮರ ಮನೆಯವರು ಅಂದರು. ಎಲ್ಲರೂ ಕರೆದರು, ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಹಾಗೇ ಹೋಯಿತು ಅದು.

ಹಕೀಮ ಸಾಹೇಬರು ಹಾಸಿಗೆ ಹಿಡಿದ ವರ್ಷ ಚಿತ್ರದ ಮರದ ಚೌಕಟ್ಟಿಗೆ ಗೆದ್ದಲು ಹತ್ತಿತು. ನೀವು ಅದನ್ನು ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ರಾಯಚೂರಿಗೆ ತಂದಿರಿ. ತೀನ್ ಕಂದೀಲ್ ಹತ್ತಿರ ಅಷ್ಟು ಅಂಗಡಿಗಳಿದ್ದರೂ ಫೋಟೊ ಕಟ್ಟು ಹಾಕುವ ನನ್ನ ಅಂಗಡಿಗೇ ಬಂದಿರಿ. "ಹುಷಾರ್ ತಿಪ್ಪಣ್ಣ. ಅಬ್ಬಾನ ಜೀವ ಇದರಾಗದ" ಅಂದಿರಿ. ನಾನು ನಕ್ಕು, "ನನ್ನ ಜೀವಾನೂ ಅದರಾಗೇ ಉಳದದ್ರೀ ಆಪಾ" ಅಂದೆ. ಮಾತು ಚೆನ್ನಾಗಿಯೇ ಆಡುತ್ತಿದ್ದೆ.

ಈಗ ನಮ್ಮ ಕಸುಬಿನ ಒಂದು ಸಂಗತಿ ಹೇಳಬೇಕು. ಜನ ನಮ್ಮಲ್ಲಿಗೆ ಹೆಚ್ಚಾಗಿ ತರುವುದು ಕ್ಯಾಲೆಂಡರಿನ ಚಿತ್ರ. ಲಕ್ಷ್ಮಿ, ಬುದ್ಧ, ಕಾಬಾ, ಅಂಬೇಡ್ಕರ್ — ಮೇಲೆ ಯಾರೇ ಇರಲಿ, ಕೆಳಗೆ ಯಾವುದೋ ಗೊಬ್ಬರದ ಅಂಗಡಿಯದೋ ಬಟ್ಟೆ ಅಂಗಡಿಯದೋ ಹೆಸರು ಇರುತ್ತದೆ. "ಕೆಳಗಿಂದು ಕೊಯ್ದು ಹಾಕ್ರಿ" ಅನ್ನುತ್ತಾರೆ. ವರ್ಷಗಟ್ಟಲೆ ನನ್ನ ಕೈ ಮಾಡಿದ್ದು ಅದೇ ಕೆಲಸ. ಚಿತ್ರ ಕೈಗೆ ಬಂತೆಂದರೆ ಮೊದಲು ಕೆಳಗಿನ ಬರಹ ಹೋಗಬೇಕು. ಕೊಯ್ದ ಪಟ್ಟಿಗಳನ್ನೂ ಎಸೆಯುವುದಿಲ್ಲ. ಹಿಂದಿನ ಹಲಗೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟರೆ ಚಿತ್ರ ಅಲುಗಾಡುತ್ತದೆ. ಆ ಪಟ್ಟಿಗಳನ್ನು ಮಡಚಿ ಅಲ್ಲಿ ತುರುಕಿ ಮೊಳೆ ಹೊಡೆಯುತ್ತೇವೆ. ಅದಕ್ಕೆ ಒತ್ತು ಕೊಡುವುದು ಅನ್ನುತ್ತೇವೆ. ಬಿಚ್ಚಿದವರಿಗಷ್ಟೇ ಕಾಣುತ್ತದೆ. ಬಿಚ್ಚುವವರು ಯಾರು?

ಅವತ್ತು ದೇವದುರ್ಗದ ಒಂದು ಶಾಲೆಯ ಫೋಟೊಗಳು ಹೋಗಬೇಕಿತ್ತು. ಟಂಟಂ ಗಾಡಿಯವನು ಹೊರಗೆ ಹಾರ್ನ್ ಬಾರಿಸುತ್ತಿದ್ದ. ನಿಮ್ಮ ಚಿತ್ರಕ್ಕೆಂದು ಕತ್ತರಿಸಿದ ಗಾಜು ಎರಡು ಬೆರಳಿನಷ್ಟು ಕಡಿಮೆ ಬಂತು. ಅಳತೆ ತಪ್ಪಿದ್ದೂ ನಾನೇ. ಬೇರೆ ಗಾಜು ತರಬಹುದಿತ್ತು, ನಾಳೆ ಮಾಡಬಹುದಿತ್ತು. ಹಳೆಯ ಕಟ್ಟನ್ನು ಬಿಚ್ಚಿದಾಗ, ಮರದ ಪಟ್ಟಿ ಮುಚ್ಚಿಕೊಂಡಿದ್ದ ಜಾಗದಲ್ಲಿ, ಬೇರಿನ ಕೆಳಗೆ, ಕೆಂಪು ಮಸಿಯಲ್ಲಿ ಉರ್ದು ಅಕ್ಷರದ ಒಂದು ಸಾಲು ಕಾಣಿಸಿತ್ತು. ನನಗೆ ಉರ್ದು ಓದಲು ಬರುವುದಿಲ್ಲ. ಏನೋ ಅಂಗಡಿಯ ಹೆಸರಿರಬೇಕು ಅಂದುಕೊಂಡೆ, ಸ್ಕೇಲು ಇಟ್ಟೆ, ಬ್ಲೇಡು ಎಳೆದೆ.

ಇಲ್ಲಿಗೆ ನಿಲ್ಲಿಸಿದರೆ ನಾನು ತಿಳಿಯದೆ ಮಾಡಿದವನು ಆಗುತ್ತೇನೆ. ಇಷ್ಟು ವರ್ಷ ನನಗೆ ನಾನೇ ಇಲ್ಲಿಗೇ ನಿಲ್ಲಿಸಿ ಹೇಳಿಕೊಂಡಿದ್ದೆ. ಆದರೆ ಆಪಾ — ಆ ಸಾಲಿನ ಕೊನೆಯಲ್ಲಿ ಒಂದು ಇರುವೆ ಇತ್ತು. ಅದೇ ಕೆಂಪು ಮಸಿಯಲ್ಲಿ, ಎಳ್ಳಿನಷ್ಟು. ಬರೆದವರು ತಮ್ಮ ಹೆಸರಿನ ಪಕ್ಕ ಅದನ್ನು ಹರಿಯಲು ಬಿಟ್ಟಿದ್ದರು. ನಾನು ಅದನ್ನು ನೋಡಿದೆ. ನನ್ನ ಕೈ ನಿಂತಿತು. ಎಲೆಯ ಹಿಂದಿನ ಇರುವೆಯನ್ನು ಹುಡುಕಿ ಬದುಕಿದವನಿಗೆ ಈ ಇರುವೆ ಏನೆಂದು ತಿಳಿಯಲಿಲ್ಲ ಎಂದರೆ ಯಾರು ನಂಬಬೇಕು? ತಿಳಿಯಿತು. ಪೂರ್ತಿ ಅಲ್ಲ, ಇದು ಅಂಗಡಿಯ ಹೆಸರಲ್ಲ ಎಂಬಷ್ಟು. ಹೊರಗೆ ಗಾಡಿಯವನು ಮತ್ತೆ ಹಾರ್ನ್ ಹೊಡೆದ. ನಿಂತ ಕೈ ಮುಂದೆ ಹೋಯಿತು.

ಮರುದಿನ ನೀವು ಬಂದು ನೋಡಿ ಖುಷಿಪಟ್ಟಿರಿ. ಹೊಸ ಗಾಜಿನೊಳಗೆ ಗಿಡ ಮಳೆ ನಿಂತ ಮೇಲೆ ನೋಡಿದ ಹಾಗೆ ಕಾಣುತ್ತಿತ್ತು. ಬೇರಿನ ತುದಿ ಚೌಕಟ್ಟಿಗೆ ತಾಗಿದೆ ಎಂದು ನಿಮಗೆ ಅನಿಸಲಿಲ್ಲ.

ಕೆಲವು ತಿಂಗಳು ಕಳೆದಿರಬೇಕು. ಹೈದರಾಬಾದಿನಿಂದ ಹಳೆಯ ಚಿತ್ರಗಳ ವಿಷಯ ತಿಳಿದವರೊಬ್ಬರು ನಿಮ್ಮ ಮನೆಗೆ ಬಂದು ಹೋಗಿದ್ದರು. ಇಂಥ ಗಿಡಮೂಲಿಕೆಯ ಚಿತ್ರಗಳನ್ನು ದೊಡ್ಡವರು ಕೂಲಿ ಕೊಟ್ಟು ಚಿತ್ರಗಾರರಿಂದ ಬರೆಸುತ್ತಿದ್ದರು, ಇದೂ ಅಂಥದೇ ಇರಬೇಕು, ಹೆಸರು ಎಲ್ಲಾದರೂ ಇದ್ದರೆ ಮಾತು ಬೇರೆ ಅಂದಿದ್ದರು. ಆಗ ಹಾಸಿಗೆಯಲ್ಲಿದ್ದ ಹಕೀಮ ಸಾಹೇಬರು ಹೆಸರು ಇದೆ ಅಂದರು. ನೀವು ಆ ಮಾತು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಿರಿ. ಏರಿದ ಉಸಿರು ಇನ್ನೂ ಇಳಿದಿರಲಿಲ್ಲ.

"ತಿಪ್ಪಣ್ಣ, ಅಬ್ಬಾ ಹೇಳ್ತಾರ, ಅವರು ಸಣ್ಣವರಿದ್ದಾಗ ಒಮ್ಮಿ ಗಾಜು ಒಡದಿತ್ತಂತ. ಆವಾಗ ಕಟಿಗಿ ಕೆಳಗ ದಾದಿಮಾನ ಹೆಸರು ಕಂಡೀನಿ ಅಂತಾರ. ಹೆಸರು ಏನಂತ ನೆಪ್ಪಿಲ್ಲ, ಇದ್ದದ್ದು ಖರೇ ಅಂತಾರ. ನೀ ಬಿಚ್ಚಿದಾಂವ. ಕೆಳಗ ಏನರ ಬರದಿತ್ತೇನು?"

ಆಗಲೇ ಹೇಳಿದ್ದರೆ — ಕೊಯ್ದ ಪಟ್ಟಿ ಇನ್ನೂ ಹುಡುಕಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಹಕೀಮ ಸಾಹೇಬರು ಇನ್ನೂ ಬದುಕಿದ್ದರು. ನೀವು ಬೈಯುತ್ತಿದ್ದಿರಿ, ಬಹುಶಃ ಅಳುತ್ತಿದ್ದಿರಿ, ಆಮೇಲೆ ಇಬ್ಬರೂ ಕೂಡಿ ಹುಡುಕುತ್ತಿದ್ದೆವು. ಅಂಗಡಿಯಲ್ಲಿ ಆಗ ಬೇರೆ ಗಿರಾಕಿಗಳಿದ್ದರು. ಅವರು ನನ್ನನ್ನು ನೋಡುತ್ತಿದ್ದರು. ತಿಪ್ಪಣ್ಣನ ಕೈ ನೀಟು ಎಂಬ ಹೆಸರು ನನಗಿತ್ತು. ಯಾರದೋ ಹೆಸರು ಅಳಿಸಿದವನು ನನ್ನ ಹೆಸರು ಉಳಿಸಿಕೊಳ್ಳಲು ನಿಂತೆ.

"ಏನೂ ಇರಲಿಲ್ರೀ ಆಪಾ. ಬರೇ ಕಾಗದ."

ನೀವು "ಹೌದಾ?" ಅಂದಿರಿ. "ನೀನು ನೋಡೀದಿ ಅಂದ ಮ್ಯಾಲೆ ಮುಗೀತು" ಅಂದಿರಿ. ನಾನು ಚಹಾ ತರಿಸಿದೆ. ನೀವು ಕುಡಿದಿರಿ.

ನೀವು ಹೋಗಿ ಅಬ್ಬಾನಿಗೆ ಹೇಳಿದಿರಿ. ಅವರು ಏನಂದರು ಎಂಬುದನ್ನು ಬಹಳ ದಿನಗಳ ಮೇಲೆ ನೀವೇ ನನಗೆ ತಿಳಿಸಿದಿರಿ. "ಹಂಗಾರ ನಾ ಕನಸು ಕಂಡಿರಬೇಕು" ಅಂದರಂತೆ. ಆಮೇಲೆ ನೋಡಲು ಬಂದವರ ಮುಂದೆ ದಾದಿಯ ಮಾತು ಎತ್ತಲೇ ಇಲ್ಲವಂತೆ. ಯಾರಾದರೂ ಹಳೆಯದೇನಾದರೂ ಕೇಳಿದರೆ, "ನನ್ನ ನೆಪ್ಪಿನ ಮ್ಯಾಲೆ ನನಗ ಭರೋಸಾ ಇಲ್ಲಪ್ಪ" ಅನ್ನುತ್ತಿದ್ದರಂತೆ. ಊರಿನ ಮೂರು ತಲೆಮಾರಿನವರ ನಾಡಿ, ಯಾವ ಮನೆಯವರಿಗೆ ಯಾವ ಔಷಧ ಆಗುವುದಿಲ್ಲ ಎಂಬುದು, ಎಲ್ಲ ನೆನಪಿನಲ್ಲಿಟ್ಟುಕೊಂಡಿದ್ದ ಮನುಷ್ಯ. ಅವರಿಗೆ ತಮ್ಮ ಮೇಲಿದ್ದ ನಂಬಿಕೆಯನ್ನೇ ನಾನು ಕಿತ್ತುಕೊಂಡೆ. ಅವರು ಹೋದ ದಿನ ನಾನೂ ಖಬರಸ್ತಾನಕ್ಕೆ ಬಂದಿದ್ದೆ. ಎಲ್ಲರ ಹಾಗೆ ಮಣ್ಣು ಹಾಕಿದೆ. ಈ ಕೈಯಿಂದಲೇ.

ಆಮೇಲೆ ಹುಡುಕಲು ಶುರು ಮಾಡಿದೆ. ಆ ಪಟ್ಟಿಯನ್ನು ಎಲ್ಲೋ ಒತ್ತಾಗಿ ತುರುಕಿದ್ದೇನೆ, ಎಲ್ಲಿ ಎಂಬುದು ಮಾತ್ರ ನೆನಪಿಲ್ಲ. ಆ ವಾರ ಕಟ್ಟು ಹಾಕಿದವುಗಳನ್ನು ನೆನೆದು ನೆನೆದು ಒಂದೊಂದೇ ಮನೆಗೆ ಹೋದೆ. ದೇವದುರ್ಗದ ಆ ಶಾಲೆಗೆ ಸ್ಕ್ರೂಡ್ರೈವರು, ಇಕ್ಕಳ ಹಿಡಿದು ಹೋಗಿ, ಮೊಳೆ ಸಡಿಲಾಗಿರಬಹುದು, ಒಮ್ಮೆ ನೋಡುತ್ತೇನೆ ಅಂದೆ. ಹೆಡ್‌ಮಾಸ್ತರರು ಹುಡುಗರನ್ನು ಸಾಲಾಗಿ ಕೂಡಿಸಿ, "ನೋಡ್ರಿ, ಮಾಡಿದ ಕೆಲಸದ ಮ್ಯಾಲೆ ಎಷ್ಟು ಕಾಳಜಿ ಅದ ಇವರಿಗೆ. ಹಿಂಗಿರಬೇಕು ಮನಷ್ಯಾ" ಅಂದರು. ಹುಡುಗರು ಚಪ್ಪಾಳೆ ಹೊಡೆದರು. ನಾನು ಅವರ ಕಡೆ ಬೆನ್ನು ಮಾಡಿ ನಾಯಕರ ಫೋಟೊಗಳ ಹಿಂದೆ ಕೈ ಹಾಕಿದೆ. ಸಿಕ್ಕಿದ್ದು ಗೊಬ್ಬರದ ಅಂಗಡಿಯ ಹೆಸರು, ಮಿಠಾಯಿ ಡಬ್ಬಿಯ ರಟ್ಟು, ಯಾರದೋ ಮದುವೆಯ ಕರೆಯೋಲೆಯ ತುಂಡು.

ಬಾಗಲವಾಡದಲ್ಲಿ ಒಂದು ಮದುವೆ ಫೋಟೊ ಬಿಚ್ಚಿದೆ. ಶಕ್ತಿನಗರದ ಒಂದು ಕ್ವಾರ್ಟರ್ಸಿನಲ್ಲಿ ಬಾಲಾಜಿಯನ್ನು ಬಿಚ್ಚಿದೆ. ಸಂದಿನಲ್ಲಿ ಬರೀ ವಿದ್ಯುತ್ ಸ್ಥಾವರದ ಬೂದಿ ಧೂಳು ಕೂತಿತ್ತು. ಈಗಲೂ ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತೇನೆ. ನನ್ನ ಕಟ್ಟು ನನಗೆ ದೂರದಿಂದಲೇ ಗುರುತು ಸಿಗುತ್ತದೆ. ಹೆಂಡತಿ, "ಊಟಕ್ಕ ಕರದ್ರ ಮಂದಿ ಮಾರಿ ನೋಡೂದು ಬಿಟ್ಟು ಗ್ವಾಡಿ ನೋಡ್ತೀರಿ" ಅನ್ನುತ್ತಾಳೆ. ಅವಳಿಗೂ ಹೇಳಿಲ್ಲ.

ಹೀಗೆ ಹುಡುಕುತ್ತಿದ್ದೇನೆ ಎಂಬುದೇ ನನಗೆ ಒಂದು ಸಮಾಧಾನವಾಗಿತ್ತು. ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ, ಸಿಕ್ಕಿದ ದಿನ ತಂದು ಕೊಡುತ್ತೇನೆ, ಆಗ ಎಲ್ಲ ಸರಿಹೋಗುತ್ತದೆ ಎಂದು. ಆದರೆ ಮೊನ್ನೆ ನಿಮ್ಮ ಫೋನು ಬಂತು.

"ತಿಪ್ಪಣ್ಣ, ಗಾಜಿನ ಒಳಗ ಬೂಷ್ಟು ಹಿಡದದ. ಇರುವಿ ತನಕ ಬಂದದ. ಬಂದು ಬಿಚ್ಚಿ ನೋಡ್ತೀಯೇನು? ನನ್ನ ತಮ್ಮನ ಮಕ್ಕಳು ಬಂದಾರ, ಯಾರು ಬರದದ್ದು ಅಂತ ಕೇಳಿದ್ವು. ಯಾರೋ ಬರದದ್ದು ಅಂತ ಹೇಳಿನಿ. ಯಾರದಾದ್ರೇನು, ಕೆಡಬಾರದಲ್ಲ."

ಯಾರೋ ಬರೆದದ್ದು. ನೀವು ಅದನ್ನು ದುಃಖದಿಂದ ಹೇಳಲಿಲ್ಲ. ಹಾಲು ಒಡೆಯಿತು, ಇರಲಿ ಬಿಡು ಅನ್ನುವ ಹಾಗೆ ಹೇಳಿದಿರಿ. ಅದೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ಇರುವೆಯ ಸಲುವಾಗಿ ಜನರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ ನೀವು — ನೀವೂ ಬಿಟ್ಟುಬಿಟ್ಟಿರಿ. ನನ್ನ ಒಂದು ಮಾತಿನ ಮೇಲೆ ನಿಮ್ಮ ಮನೆಯಲ್ಲಿ ಇಬ್ಬರು ತಮಗೆ ಗೊತ್ತಿದ್ದ ನಿಜವನ್ನು ಕೈಬಿಟ್ಟರು. ಫೋನು ಇಟ್ಟವನು ಅಂಗಡಿಯ ಬಾಗಿಲು ಅರ್ಧ ಎಳೆದು ಒಳಗೆ ಕೂತು ಅತ್ತೆ. ವಯಸ್ಸಾಯಿತು, ಅಳು ಬೇಗ ಬರುತ್ತದೆ.

ಆಗ ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕಾಯಿತು. ಒತ್ತು ಕೊಡುವಾಗ ಯಾರೂ ದೂರದ ಪಟ್ಟಿ ಹುಡುಕುವುದಿಲ್ಲ. ಕೈಯ ಪಕ್ಕದಲ್ಲಿ ಬಿದ್ದದ್ದನ್ನೇ ತುರುಕುತ್ತೇವೆ. ನಿಮ್ಮ ಚಿತ್ರಕ್ಕೆ ಹಲಗೆ ಕೂಡಿಸುವಾಗ ನನ್ನ ಕೈಯ ಪಕ್ಕದಲ್ಲಿ ಬಿದ್ದಿದ್ದುದು ಅದರಿಂದಲೇ ಆಗ ತಾನೇ ಕೊಯ್ದ ಪಟ್ಟಿ. ದೇವದುರ್ಗಕ್ಕೆ ಹೋದೆ, ಬಾಗಲವಾಡಕ್ಕೆ ಹೋದೆ, ಶಕ್ತಿನಗರಕ್ಕೆ ಹೋದೆ — ಮಾನ್ವಿಯಲ್ಲಿ ನಿಮ್ಮ ಗೋಡೆಯ ಮೇಲಿನ ಒಂದು ಕಟ್ಟನ್ನು ಮಾತ್ರ ಬಿಚ್ಚಲಿಲ್ಲ. ಅದನ್ನು ಬಿಚ್ಚಬೇಕಾದರೆ ಯಾಕೆ ಎಂದು ನಿಮಗೆ ಹೇಳಬೇಕಾಗುತ್ತಿತ್ತು. ಅಂದರೆ ನಾನು ಹುಡುಕಿದ್ದು ನಿಮಗೆ ಹೇಳದೆ ಹುಡುಕಲು ಸಾಧ್ಯವಿದ್ದ ಕಡೆ ಮಾತ್ರ. ಈಗ ನೀವೇ ಬಿಚ್ಚು ಅಂದಿದ್ದೀರಿ.

ನಾಳೆ ಬರುತ್ತಿದ್ದೇನೆ. ಇದ್ದರೆ ಅಲ್ಲಿಯೇ ಇರುತ್ತದೆ, ಬೇರಿನ ಹಿಂದೆ, ಮಡಚಿಕೊಂಡು. ಇಲ್ಲದೆಯೂ ಇರಬಹುದು, ಇಷ್ಟು ವರ್ಷದ ಬೂಷ್ಟು ತಿಂದು ಹಾಕಿರಬಹುದು. ಹೋದರೆ ಆ ಅಜ್ಜಿಯ ಹೆಸರು ಹೋದ ಹಾಗೇ, ನಾನು ಓದಲಾರದ ಒಂದು ಕೆಂಪು ಸಾಲು ನನ್ನ ಕಣ್ಣಿನಲ್ಲಿ ಉಳಿಯುತ್ತದೆ ಅಷ್ಟೇ. ಅದಕ್ಕೆ ಸಾಕ್ಷಿ ನಾನೊಬ್ಬ. ಸುಳ್ಳು ಹೇಳಿದ ಸಾಕ್ಷಿ.

ನನಗೆ ಭಯ ಇರುವುದು ಪಟ್ಟಿ ಸಿಗದಿದ್ದರೆ ಎಂದಲ್ಲ, ಆಪಾ. ಸಿಕ್ಕಿದರೆ ಎಂದು. ನನ್ನನ್ನು ನಾನು ಬಲ್ಲೆ. ನೀವು ಚಹಾ ಇಡಲು ಒಳಗೆ ಹೋದಾಗ ಅದು ನನ್ನ ಕೈಗೆ ಬಂದರೆ, ಆಪಾ ಇಲ್ಲಿ ನೋಡ್ರಿ ಏನು ಸಿಕ್ಕಿತು ಎಂದು ಕೂಗಿಬಿಡುತ್ತೇನೆ. ಹಳೆಯ ಮರದ ಜೊತೆ ಅಂಟಿಕೊಂಡು ಬಂದಿತ್ತೇನೋ ಎಂದುಬಿಡುತ್ತೇನೆ. ನೀವು ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡುತ್ತೀರಿ. ಹೆಸರು ಕೊಯ್ದವನೇ ಹೆಸರು ತಂದುಕೊಟ್ಟವನಾಗುತ್ತೇನೆ. ಅದನ್ನೂ ಮಾಡಬಲ್ಲವನು ನಾನು.

ಅದಕ್ಕೆ ಮೊದಲೇ ಹೇಳಬೇಕು. ಚಿತ್ರ ಇನ್ನೂ ಗೋಡೆಯ ಮೇಲಿರುವಾಗ, ಇಕ್ಕಳ ಚೀಲದೊಳಗಿರುವಾಗ, ಚಹಾಕ್ಕೂ ಮೊದಲು. ನಿಮ್ಮ ತಮ್ಮನ ಮಕ್ಕಳು ಅಲ್ಲಿದ್ದರೆ ಅವರ ಮುಂದೆಯೇ. ಬರೆದು ಕೊಡುವುದಿಲ್ಲ, ಸುಳ್ಳನ್ನು ಬಾಯಿಂದ ಹೇಳಿದ್ದೆ, ಇದನ್ನೂ ಬಾಯಿಂದಲೇ ಹೇಳುತ್ತೇನೆ. ಆಮೇಲೆ ಬಿಚ್ಚು ಅಂದರೆ ಬಿಚ್ಚುತ್ತೇನೆ, ಹೊರಗೆ ನಡಿ ಅಂದರೆ ನಡೆಯುತ್ತೇನೆ. ಅವ್ವನನ್ನು ಒಳಗೆ ಕರೆದು ಕೂಡಿಸಿದ ಆ ಬೆಂಚು ನಿಮ್ಮ ಪಡಸಾಲೆಯಲ್ಲಿ ಈಗಲೂ ಇದೆ. ಅದರ ಮೇಲೆ ಕೂಡುವುದಿಲ್ಲ. ನಿಂತೇ ಹೇಳುತ್ತೇನೆ —

ಇತ್ತ್ರೀ ಆಪಾ. ಹಕೀಮ ಸಾಹೇಬ್ರು ಹೇಳಿದ್ದು ಖರೇ. ಹೆಸರು ಇತ್ತು.